ಮುಖ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಹೆಂಡತಿ ಈ ಗಾದೆಯನ್ನು ನನಗಾಗಿಯೇ ತಿದ್ದಿ ಇಟ್ಟುಕೊಂಡಿದ್ದಾಳೆ. ಫೋಟೊ ತೆಗೆಯಲಾರದವನು ಮುಖ ಡೊಂಕು ಅಂದನಂತೆ. ಮನೆಗೆ ಯಾರೇ ಬರಲಿ, ಗೋಡೆಯ ಮೇಲಿನ ಚಿತ್ರ ನೋಡಿ "ಇದೇನು?" ಅಂತ ಕೇಳಿದರೆ ಅವಳ ಉತ್ತರ ಇದೇ. ನಾನು "ಅದು ಒಂದು ಪ್ರಯೋಗ..." ಅಂತ ಬಾಯಿ ತೆರೆಯುವಷ್ಟರಲ್ಲಿ ಬಂದವರು ನಕ್ಕು ಮುಗಿಸಿರುತ್ತಾರೆ.

ಅವಳು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ನಾನು ಮುಖಗಳನ್ನು ಸೊಟ್ಟ ಮಾಡುವ, ಚೂರು ಮಾಡುವ ಈ ದಾರಿ ಹಿಡಿದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಅಕ್ಕನ ಮೂಗಿನಿಂದ.

ಆಗಷ್ಟೇ ಹೆಚ್ಚು ಅಗಲದ ನೋಟ ಹಿಡಿಯುವ ಒಂದು ವೈಡ್ ಲೆನ್ಸ್ ಕೊಂಡಿದ್ದೆ. ಅಕ್ಕ ಬಂದಿದ್ದಳು. ಕಿಟಕಿಯ ಬೆಳಕು ಅವಳ ಮುಖದ ಮೇಲೆ ಚೆನ್ನಾಗಿ ಬೀಳುತ್ತಿತ್ತು. ಒಂದಡಿ ದೂರದಲ್ಲಿ ನಿಂತು ಕ್ಲಿಕ್ ಮಾಡಿದೆ. ಚಿತ್ರದಲ್ಲಿ ಮೊದಲು ಮೂಗು ಬಂದಿತ್ತು. ಅದರ ಹಿಂದೆ, ಸ್ವಲ್ಪ ತಡವಾಗಿ, ಅಕ್ಕ ಬಂದಿದ್ದಳು. ಕಿವಿಗಳು ಇನ್ನೂ ದಾರಿಯಲ್ಲಿದ್ದವು.

"ಇದು ನಾನೇನೋ?"

ಇಂಥ ಹೊತ್ತಿನಲ್ಲಿ ಕ್ಷಮೆ ಕೇಳಬೇಕು. ನಾನು ವಿವರಣೆ ಕೊಟ್ಟೆ. ನೋಡಕ್ಕಾ, ಎಲ್ಲರೂ ಲೆನ್ಸನ್ನು ಬೈಯುತ್ತಾರೆ, ಆದರೆ ನಿಜವಾದ ಕಾರಣ ದೂರ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂತಿಟ್ಟುಕೋ. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಗೆ 42 ಆಯಿತು. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಹಿಂದಿನದು ಕುಗ್ಗುತ್ತದೆ. ಅದೇ 2 ಮೀಟರ್ ದೂರ ನಿಂತರೆ 200 ಮತ್ತು 212. ಆಗ ಆ 12 ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಭಾವಚಿತ್ರ ತೆಗೆಯುವವರು ದೂರದಿಂದಲೇ ಮುಖವನ್ನು ದೊಡ್ಡದಾಗಿ ಹಿಡಿಯುವ 85 ಅಥವಾ 105 ಎಂಎಂ ಲೆನ್ಸ್ ಹಾಕಿಕೊಂಡು ಹಿಂದೆ ನಿಲ್ಲುವುದು. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ನೋಡಿದ್ದಾರೆ. 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಜಾಸ್ತಿ ಅಗಲ ಕಾಣುತ್ತದಂತೆ. 5 ಅಡಿ ದೂರ ಹೋದರೆ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

"ಒಟ್ಟಿನಲ್ಲಿ ತಪ್ಪು ನಿನ್ನ ಮೂಗಿಂದಲ್ಲ ಅಕ್ಕಾ, ದೂರದ್ದು" ಅಂದೆ.

"ಹಾಗಾದ್ರೆ ಇನ್ಮೇಲೆ ದೂರಾನೇ ಇರು" ಅಂದಳು.

ದೂರದ ಬಗ್ಗೆ ಪಾಠ ಮಾಡಿದವನ ಮೇಲೆ ಸಂಜೆಯೊಳಗೆ ಅಮ್ಮನಿಗೆ ದೂರು ಹೋಗಿತ್ತು.

ಆ ರಾತ್ರಿ ನನಗೊಂದು ಸತ್ಯ ಹೊಳೆಯಿತು. ಮುಖ ಸ್ವಲ್ಪ ಸೊಟ್ಟ ಬಂದರೆ ಜನ ತಪ್ಪು ಅನ್ನುತ್ತಾರೆ. ಪೂರ್ತಿ ಸೊಟ್ಟ ಬಂದರೆ ಕಲೆ ಅನ್ನುತ್ತಾರೆ. ನಾನು ಇಷ್ಟು ದಿನ ಮಾಡಿದ ತಪ್ಪೆಂದರೆ ತಪ್ಪನ್ನು ಸಾಕಷ್ಟು ಮಾಡದೇ ಇದ್ದದ್ದು.

ಬೆನ್ನಿಗೆ ದೊಡ್ಡವರೂ ಇದ್ದರು. ಫೋಟೊಗ್ರಾಫರ್ ಆಂಡ್ರೆ ಕೆರ್ಟೆಸ್ 1933ರಲ್ಲಿ ಪ್ಯಾರಿಸ್‌ನಲ್ಲಿ ಜಾತ್ರೆಯ ಡೊಂಕು ಕನ್ನಡಿಗಳನ್ನು ಇಟ್ಟುಕೊಂಡು ಸುಮಾರು 200 ಚಿತ್ರ ತೆಗೆದರು. ಅವುಗಳಲ್ಲಿ ಮೈ ಬೆಣ್ಣೆಯ ಹಾಗೆ ಕರಗಿ ಹರಿಯುತ್ತದೆ. ಅದಕ್ಕೂ ಮುಂಚೆ, 1880ರ ದಶಕದ ಕೊನೆಯಲ್ಲೇ ಲೂಯಿ ದ್ಯುಕೊ ದ್ಯು ಓರಾನ್ ತನ್ನ ಮುಖವನ್ನೇ ಅಡ್ಡಕ್ಕೂ ಉದ್ದಕ್ಕೂ ಎಳೆದು ಚಿತ್ರ ಮಾಡಿದ್ದ. ಬಣ್ಣದ ಫೋಟೊಗೆ ಅಡಿಪಾಯ ಹಾಕಿದವರಲ್ಲಿ ಒಬ್ಬ ಈತ. ಅಂಥವನು ಲೆನ್ಸ್ ಬದಿಗಿಟ್ಟು, ಒಂದು ಅಡ್ಡ ಸೀಳು, ಅದರಿಂದ ಸ್ವಲ್ಪ ದೂರದಲ್ಲಿ ಒಂದು ಉದ್ದ ಸೀಳು, ಇಷ್ಟರಿಂದಲೇ ಬೆಳಕು ಬಿಟ್ಟು ಮುಖವನ್ನು ಜಜ್ಜಿದ್ದ. ನಾನೂ ರಟ್ಟು ತಂದು ಸೀಳು ಕತ್ತರಿಸಿದೆ. ಜೊತೆಗೆ ಬೆರಳೂ ಕತ್ತರಿಸಿತು. ಆ ಪ್ರಯೋಗ ಅಲ್ಲಿಗೇ ಮುಗಿಯಿತು.

ಜಾತ್ರೆಯ ಕನ್ನಡಿ ನಮ್ಮ ಮನೆಯಲ್ಲಿ ಇರಲಿಲ್ಲ. ಸೌಟು ಇತ್ತು. ಸ್ಟೀಲಿನ ದೊಡ್ಡ ಸೌಟು, ಚೆನ್ನಾಗಿ ಉಜ್ಜಿದರೆ ಫಳಫಳ ಹೊಳೆಯುವಂಥದ್ದು. ಅದರ ಒಳಬದಿಯಲ್ಲಿ ನೋಡಿದರೆ ಮುಖ ತಲೆಕೆಳಗು. ಹೊರಬದಿಯಲ್ಲಿ ನೋಡಿದರೆ ನೆಟ್ಟಗೆ, ಆದರೆ ಉಬ್ಬಿಕೊಂಡು. ಹೆಂಡತಿಯನ್ನು ಕೂರಿಸಿ, ಸೌಟನ್ನು ಅವಳ ಎದುರು ಹಿಡಿದು, ಅದರಲ್ಲಿ ಕಾಣುವ ಪ್ರತಿಬಿಂಬದ ಫೋಟೊ ತೆಗೆಯಬೇಕು ಅನ್ನುವುದು ನನ್ನ ಲೆಕ್ಕ.

ಉಬ್ಬುಗನ್ನಡಿಯ ಒಂದು ಗುಣ ನಾನು ಮರೆತಿದ್ದೆ. ಅದು ಯಾರನ್ನೂ ಬಿಡುವುದಿಲ್ಲ. ಎದುರಿಗಿರುವ ಅರ್ಧ ಕೋಣೆಯನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಯಾರು ಅದರೊಳಗೆ ನೋಡುತ್ತಾರೋ ಅವರು ನಟ್ಟನಡುವೆ. ಕ್ಯಾಮೆರಾ ಹಿಡಿದು ಸೌಟಿನ ಮೇಲೆ ಬಗ್ಗಿದ್ದವನು ನಾನು. ಒಂದು ಗಂಟೆ ಒದ್ದಾಡಿ ತೆಗೆದ 63 ಚಿತ್ರಗಳಲ್ಲೂ ನಡುವೆ ನಾನೇ. ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು, ಇಡೀ ಮುಖಕ್ಕೆ ಮೂಗೇ ಯಜಮಾನ ಅನ್ನುವ ಹಾಗೆ. ಹೆಂಡತಿ ಅಂಚಿನಲ್ಲಿ ಅಂಗಿ ಗುಂಡಿಯಷ್ಟು ಗಾತ್ರದಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಅದು ಮಾತ್ರ ಎಲ್ಲದರಲ್ಲೂ ಸ್ಪಷ್ಟವಾಗಿ ಬಂದಿತ್ತು.

ಅವಳು ಅದರಲ್ಲಿ ಒಂದನ್ನು ಆರಿಸಿ ಅಕ್ಕನಿಗೆ ಕಳಿಸಿದಳು. ಅಕ್ಕನಿಂದ ಒಂದೇ ಸಾಲು ಬಂತು. "ದೂರ ಎಷ್ಟಿತ್ತಂತೆ?"

ಸೌಟು ಅಡುಗೆಮನೆಗೆ ವಾಪಸ್ ಹೋಯಿತು. ಮುಂದಿನ ಸರದಿ ನೀರಿನ ಲೋಟದ್ದು. ಇದು ನಿಜಕ್ಕೂ ಸೊಗಸಾದ ಆಟ, ಯಾರು ಬೇಕಾದರೂ ಮಾಡಿ ನೋಡಬಹುದು. ಗುಂಡನೆಯ ಗಾಜಿನ ಲೋಟದಲ್ಲಿ ನೀರು ತುಂಬಿದರೆ ಅದೇ ಒಂದು ಲೆನ್ಸ್. ಮುಖವನ್ನು ಲೋಟಕ್ಕೆ ಅಂಟಿಸಿ ಇಟ್ಟರೆ ಮುಖ ಅಗಲವಾಗುತ್ತದೆ. ಒಂದು ಗೇಣು ಹಿಂದೆ ಸರಿದರೆ ಎಡಗಡೆ ಇದ್ದದ್ದು ಬಲಕ್ಕೆ, ಬಲಗಡೆ ಇದ್ದದ್ದು ಎಡಕ್ಕೆ. ಮೇಲು ಕೆಳಗು ಮಾತ್ರ ಬದಲಾಗುವುದಿಲ್ಲ, ಏಕೆಂದರೆ ಲೋಟ ಡೊಂಕಾಗಿರುವುದು ಒಂದೇ ದಿಕ್ಕಿನಲ್ಲಿ. ಮೂರು ಲೋಟ ಸಾಲಾಗಿ ಇಟ್ಟರೆ ಒಂದೇ ಮುಖ ಮೂರು ತುಂಡಾಗಿ, ಪ್ರತಿ ತುಂಡೂ ತಿರುವುಮುರುವಾಗಿ ಕಾಣುತ್ತದೆ.

ಮಗಳನ್ನು ಮೇಜಿನ ಮುಂದೆ ಕೂರಿಸಿದೆ. ಅವಳು ಮನೆಪಾಠ ಬರೆಯುತ್ತಿದ್ದಳು. ಹೇಗೂ ಅಲ್ಲಾಡದೆ ಕೂತಿದ್ದಾಳಲ್ಲ ಅಂತ ಅದರ ಮುಂದೆಯೇ ಮೂರು ಲೋಟ ಜೋಡಿಸಿದೆ. ಕ್ಯಾಮೆರಾದ ಆಟೊಫೋಕಸ್‌ಗೆ ತಲೆ ಕೆಟ್ಟಿತು. ಮುಖ ಬಿಟ್ಟು ಲೋಟದ ಮೇಲಿನ ಗೀರುಗಳನ್ನೇ ಪ್ರೀತಿಯಿಂದ ಹಿಡಿಯುತ್ತಿತ್ತು. ಕೈಯಲ್ಲೇ ಫೋಕಸ್ ತಿರುಗಿಸೋಣ ಅಂತ ಮುಂದೆ ಬಗ್ಗಿದೆ. ಕ್ಯಾಮೆರಾದ ಪಟ್ಟಿ ನಡುವಿನ ಲೋಟಕ್ಕೆ ತಗುಲಿತು. ನಡುವಿನದು ಪಕ್ಕದ್ದನ್ನು ಕರೆದುಕೊಂಡು ಬಿತ್ತು.

ಮನೆಪಾಠದ ಶಾಯಿ ಎಷ್ಟು ಚೆಂದ ಹರಡಿತು ಅಂದರೆ, ಆ ಪುಟದ ಫೋಟೊ ಇವತ್ತಿಗೂ ನನ್ನ ಒಳ್ಳೆಯ ಕೆಲಸಗಳಲ್ಲಿ ಒಂದು. ಮಗಳಿಗೆ ದುಃಖವೇನೂ ಆದಂತೆ ಕಾಣಲಿಲ್ಲ. "ಅಪ್ಪಾ, ನೀನೇ ಮಿಸ್ಸಿಗೆ ಚೀಟಿ ಬರೆದು ಕೊಡು" ಅಂದಳು. ನಲವತ್ತು ದಾಟಿದ ಮನುಷ್ಯ ಕೂತು ಬರೆದೆ. "ನೀರಿನ ಮೂಲಕ ಬೆಳಕು ಬಾಗುವುದನ್ನು ಪರೀಕ್ಷಿಸುವಾಗ ತಂದೆಯಿಂದ ಆದ ಅಚಾತುರ್ಯ." ಮಿಸ್ಸು ಅದರ ಕೆಳಗೆ ಕೆಂಪು ಶಾಯಿಯಲ್ಲಿ "ತಂದೆಯೇ ಎರಡು ಸಲ ಬರೆಯಲಿ" ಅಂತ ಬರೆದು ಕಳಿಸಿದ್ದರು. ತಮಾಷೆಗೆ ಬರೆದದ್ದೋ ನಿಜವಾಗಿಯೋ ಗೊತ್ತಾಗಲಿಲ್ಲ. ಯಾಕೆ ಬೇಕು ಅಂತ ಬರೆದೆ.

ಎಡಬಲದ ಮಾತು ಬಂದಾಗ ಇನ್ನೊಂದು ಹೇಳಬೇಕು. ಮದುವೆಯಾದಾಗಿನಿಂದ ನಾನು ತೆಗೆದ ಚಿತ್ರಗಳಲ್ಲಿ ಹೆಂಡತಿ "ಇದು ಚೆನ್ನಾಗಿದೆ" ಅಂದದ್ದು ಒಂದನ್ನು ಮಾತ್ರ. ಅದನ್ನು ನಾನು ಕಂಪ್ಯೂಟರಿನಲ್ಲಿ ತಪ್ಪಿ ತಿರುಗಿಸಿ ಪ್ರಿಂಟ್ ಹಾಕಿದ್ದೆ. ಹಿಂದಿನ ಕ್ಯಾಲೆಂಡರಿನ ಅಂಕಿಗಳೆಲ್ಲ ಉಲ್ಟಾ. ಇದಕ್ಕೂ ಕಾರಣ ಇದೆ. ನಮ್ಮ ಮುಖ ನಮಗೆ ಪರಿಚಯ ಇರುವುದು ಕನ್ನಡಿಯಿಂದ. ಕನ್ನಡಿಯಲ್ಲಿ ಎಡಬಲ ಅದಲುಬದಲು. 1977ರಲ್ಲಿ ಮನಶ್ಶಾಸ್ತ್ರದವರು ಪರೀಕ್ಷೆ ಮಾಡಿ ನೋಡಿದಾಗ ಜನ ತಮ್ಮ ಉಲ್ಟಾ ಚಿತ್ರವನ್ನೇ ಮೆಚ್ಚಿದರಂತೆ, ಅವರ ಸ್ನೇಹಿತರು ನೇರ ಚಿತ್ರವನ್ನು. ಅಂದರೆ ನೆಟ್ಟಗಿನ ಫೋಟೊ ಕೂಡ ಅದರೊಳಗಿರುವವರಿಗೆ ಸ್ವಲ್ಪ ಡೊಂಕೇ. ಇದನ್ನು ಹೆಂಡತಿಗೆ ಸಂಭ್ರಮದಿಂದ ವಿವರಿಸಿದೆ. "ಅಂದ್ರೆ ನೀವು ಒಂದು ಫೋಟೊ ಚೆನ್ನಾಗಿ ತೆಗೆದಿದ್ದೂ ತಪ್ಪಿ ಅನ್ನಿ" ಅಂದಳು.

ಮಾವನವರ ವಿಷಯ ಬೇಗ ಮುಗಿಸುತ್ತೇನೆ, ಅವರು ಇದನ್ನು ಓದುತ್ತಾರೆ. ಫೋನಿನ ಪನೋರಮಾದಲ್ಲಿ ಚಿತ್ರ ಒಂದೇ ಏಟಿಗೆ ಆಗುವುದಿಲ್ಲ. ಫೋನು ಸರಿದ ಹಾಗೆ ಪಟ್ಟಿ ಪಟ್ಟಿಯಾಗಿ ಹೊಲಿಯುತ್ತಾ ಹೋಗುತ್ತದೆ. ಆ ಹೊತ್ತಿನಲ್ಲಿ ಎದುರಿನವರು ತಲೆ ತಿರುಗಿಸಿದರೆ ಮುಖ ಹಿಗ್ಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. "ಮಾವಾ, ತುಂಬಾ ನಿಧಾನವಾಗಿ ಎಡಕ್ಕೆ ತಿರುಗಿ" ಅಂದೆ. ಅವರು ಜೀವನದಲ್ಲಿ ಏನನ್ನೂ ನಿಧಾನವಾಗಿ ಮಾಡಿದವರಲ್ಲ. ಮೂರು ಕಿವಿ ಬಂದವು, ಮೂಗು ಬರಲಿಲ್ಲ. ಅವರು ಅದನ್ನು ಬಹಳ ಹೊತ್ತು ನೋಡಿ "ಅಳಿಯಂದಿರೇ, ಇದರಲ್ಲಿ ಸ್ವಲ್ಪ ವಯಸ್ಸಾದ ಹಾಗೆ ಕಾಣ್ತೀನಿ, ಅಲ್ವಾ?" ಅಂದರು. ನಾನು ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಫೋನಿಗೆ ಅಷ್ಟು ಸಂಕೋಚ ಇಲ್ಲ. ಅದು ಚಿತ್ರಗಳಲ್ಲಿನ ಮುಖ ಗುರುತಿಸಿ ತಾನೇ ಗುಂಪು ಮಾಡುತ್ತದಲ್ಲ, ಮಾವನವರ ಎರಡು ಚಿತ್ರ ಅಕ್ಕಪಕ್ಕ ತೋರಿಸಿ "ಇವರಿಬ್ಬರೂ ಒಬ್ಬರೇನಾ?" ಅಂತ ಕೇಳಿತು. ಸೌಟಿನಲ್ಲಿ ಬಂದ ನನ್ನ ಮುಖದ ಬಗ್ಗೆ ಏನೂ ಕೇಳಲಿಲ್ಲ. ಅದನ್ನು ನೇರವಾಗಿ ಸಾಕುಪ್ರಾಣಿಗಳ ಗುಂಪಿಗೆ ಸೇರಿಸಿತ್ತು.

ಇಷ್ಟಾದ ಮೇಲೂ ನಾನು ಬಿಡದೇ ಇದ್ದದ್ದು ಫ್ರಾನ್ಸಿನ ಫೋಟೊಗ್ರಾಫರ್ ಜಾಕ್ ಆನ್ರಿ ಲಾರ್ತಿಗ್ ಅವರಿಂದ. ಅವರು ಹುಡುಗರಾಗಿದ್ದಾಗ ಓಡುವ ರೇಸ್ ಕಾರಿನ ಜೊತೆ ಕ್ಯಾಮೆರಾ ತಿರುಗಿಸಿ ಒಂದು ಫೋಟೊ ತೆಗೆದರು. ಆ ಕ್ಯಾಮೆರಾದ ಶಟರ್ ಇಡೀ ಚಿತ್ರವನ್ನು ಒಟ್ಟಿಗೆ ತೆರೆಯುತ್ತಿರಲಿಲ್ಲ, ಒಂದು ಸೀಳು ಮೆಲ್ಲಗೆ ಹಾದು ಹೋಗುತ್ತಿತ್ತು. ಅಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿತು, ನೋಡುತ್ತಾ ನಿಂತ ಜನ ಹಿಂದಕ್ಕೆ ವಾಲಿದರು. ಕೆಟ್ಟು ಹೋದ ಚಿತ್ರ ಅಂತ ಅವರು ಪಕ್ಕಕ್ಕಿಟ್ಟಿದ್ದರಂತೆ. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಚಿತ್ರಗಳ ಪ್ರದರ್ಶನ ಮಾಡಿತು, ಆಮೇಲೆ ಜಗತ್ತೆಲ್ಲ ಅವರ ಹೆಸರಾಯಿತು. ಅರ್ಧ ಶತಮಾನ ಕಾದರೆ ಸಾಕು ಅನ್ನುವ ಧೈರ್ಯ ನನಗೆ ಬಂದದ್ದು ಇಲ್ಲಿಂದ.

ಕೊನೆಗೆ ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿಯ ದಾರಿ ಹಿಡಿದೆ. ಅವರು 1982ರಲ್ಲಿ, ತೆಗೆದ ಕೂಡಲೇ ಪ್ರಿಂಟ್ ಕೊಡುವ ಪೋಲರಾಯ್ಡ್ ಕ್ಯಾಮೆರಾದಲ್ಲಿ ಒಬ್ಬರನ್ನೇ ಚೂರು ಚೂರಾಗಿ ತೆಗೆದು, ಆ ಚೂರುಗಳನ್ನು ಚೌಕಚೌಕವಾಗಿ ಜೋಡಿಸಿದರು. ಒಂದರಲ್ಲಿ ಕಣ್ಣು, ಒಂದರಲ್ಲಿ ಕೈ, ಒಂದರಲ್ಲಿ ಚಪ್ಪಲಿ. ತಾಯಿಯ ಚಿತ್ರವನ್ನೂ ಹಾಗೆ ಮಾಡಿದ್ದಾರೆ. ಮಾಮೂಲಿ ಫೋಟೊದಲ್ಲಿ ಒಂದು ಕ್ಷಣ ಮಾತ್ರ ಇರುತ್ತದೆ. ಇದರಲ್ಲಿ ಪ್ರತಿ ಚೂರಿಗೂ ಬೇರೆ ಬೇರೆ ಗಳಿಗೆ. ನಾವು ಒಬ್ಬರನ್ನು ನೋಡುವುದೂ ಹೀಗೇ ಅಲ್ವಾ? ಕಣ್ಣು ಸ್ವಲ್ಪ ಹೊತ್ತು, ಆಮೇಲೆ ಕೈ, ಮತ್ತೆ ಕಣ್ಣು.

ನಾನೂ ಅಮ್ಮನನ್ನೇ ಕೂರಿಸಿದೆ. ಅಂದರೆ ಕೂರು ಅಂತ ಹೇಳಿದೆ. ನಲವತ್ತು ನಿಮಿಷದಲ್ಲಿ ಅವಳು ಎರಡು ಫೋನ್ ಮಾತಾಡಿದಳು, ಕನ್ನಡಕ ಹುಡುಕಿದಳು, ಅದು ತಲೆಯ ಮೇಲೇ ಸಿಕ್ಕಿತು, ಒಂದು ಸಲ ಎದ್ದು ಹೋಗಿ ಗ್ಯಾಸ್ ಆರಿಸಿ ಬಂದಳು. ನಾನು 42 ಚೂರು ತೆಗೆದೆ. ಎಲ್ಲ ಪ್ರಿಂಟ್ ಹಾಕಿಸಿ ತಂದು ನೆಲದ ಮೇಲೆ ಹರಡಿದೆ. ಎರಡು ಗಂಟೆ ಜೋಡಿಸಿದೆ. ಕೊನೆಯ ಚೂರು ಇಡುವಾಗ ಸೆಖೆ ಅಂತ ಹೆಂಡತಿ ಬಂದು ಫ್ಯಾನ್ ಹಾಕಿದಳು.

ಅಮ್ಮ ಕೋಣೆಯ ತುಂಬಾ ಹಾರಿದಳು. ಕಪಾಟಿನ ಕೆಳಗೆ ಮಂಡಿ, ಮಂಚದ ಕೆಳಗೆ ಗಲ್ಲ. ಎಲ್ಲ ಆರಿಸಿ ಮತ್ತೆ ಜೋಡಿಸಿದಾಗ 41 ಇದ್ದವು. ಎಡಗಿವಿ ಕಾಣಲಿಲ್ಲ. ಆ ಜಾಗ ಖಾಲಿ ಬಿಟ್ಟು ಅಂಟಿಸಿದೆ.

ಚಿತ್ರ ನೋಡಲು ಅಕ್ಕನೂ ಬಂದಳು. ಸಾವಕಾಶವಾಗಿ ಎಣಿಸಿದಳು. "ಅಮ್ಮಂಗೆ ನಾಲ್ಕು ಕೈ ಕೊಟ್ಟಿದ್ದೀಯ. ನನಗೆ ಕೊಡೋವಾಗ ಬರೀ ಮೂಗು ಕೊಟ್ಟೆ" ಅಂದಳು. ಅಮ್ಮ ಮಾತ್ರ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದಳು. ಒಂದು ಕೈಯಲ್ಲಿ ಫೋನು, ಒಂದು ತಲೆಯ ಮೇಲೆ, ಒಂದು ಸೆರಗಿನಲ್ಲಿ, ಒಂದು ನನ್ನ ಕಡೆ ಬೆರಳು ಮಾಡಿಕೊಂಡು.

"ಇದು ಸರಿಯಾಗಿದೆ ಕಣೋ. ನಾನು ದಿನಾ ಇಷ್ಟೇ ಕೈಯಲ್ಲಿ ಕೆಲಸ ಮಾಡೋದು. ಕಿವಿ ಎಲ್ಲಿ?"

ಕಿವಿ ಹುಡುಕಲು ಮೂರು ವಾರ ಹಿಡಿಯಿತು. ಅಷ್ಟು ದಿನ ಕಪಾಟು ಸರಿಸಿದೆವು, ಗುಡಿಸಿದ ಕಸ ಕೆದಕಿದೆವು. ಒಂದು ದಿನ ಹೆಂಡತಿಯೇ ನಡುದಾರಿಯಲ್ಲಿ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಫ್ಯಾನ್ ಹಾಕಿದ ದಿನವೇ ಪಕ್ಕದ ಮನೆಯವರು ನಲ್ಲಿ ರಿಪೇರಿಯವನ ನಂಬರ್ ಕೇಳಿದ್ದರಂತೆ. ಕಾಲ ಹತ್ತಿರ ಒಂದು ಗಟ್ಟಿ ಕಾಗದ ಬಿದ್ದಿತ್ತಂತೆ. ಹಿಂಬದಿ ಬಿಳಿ ಇತ್ತಲ್ಲ ಅಂತ ಬರೆದು ಕೊಟ್ಟಳಂತೆ.

ನಾನು ಚಪ್ಪಲಿ ಹಾಕಿಕೊಂಡೆ. "ಹೋಗಿ ಇಸ್ಕೊಂಡು ಬರ್ತೀನಮ್ಮಾ."

ಅಮ್ಮ ಕೈ ಹಿಡಿದು ಕೂರಿಸಿದಳು. "ಸುಮ್ನೆ ಇರು" ಅಂದಳು, ದನಿ ತಗ್ಗಿಸಿ. "ಒಂದು ಕಿವಿ ಅಲ್ಲೇ ಇರಲಿ."