ಸ್ಪಷ್ಟನೆ: ನಮ್ಮ ಅಧ್ಯಯನದ ಎಕ್ಸ್‌ಟೆನ್ಷನ್ ಕ್ಯಾಮೆರಾ ತೆರೆಯುವುದಿಲ್ಲ

‘ಸಂಶೋಧನೆಯ ಹೆಸರಿನಲ್ಲಿ ಬ್ರೌಸರಿಗೆ ಹಾಕಿಸುವ ಎಕ್ಸ್‌ಟೆನ್ಷನ್ ಕ್ಯಾಮೆರಾದಿಂದ ಕಣ್ಣು ಗಮನಿಸುತ್ತದೆ, ಒಟಿಪಿ ಕದಿಯುತ್ತದೆ’ ಎಂಬ ಸಂದೇಶ ಜಯನಗರ, ಬಸವನಗುಡಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ನಮ್ಮ ಅಧ್ಯಯನದ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ, ಅದರ ಕೋಡ್ ಬರೆದವರಲ್ಲಿ ನಾನೂ ಒಬ್ಬಳು. ದಾಖಲಾಗುವುದು ಇಷ್ಟೇ: ಯಾವ ಜಾಲತಾಣ, ಆ ಟ್ಯಾಬ್ ಎಷ್ಟು ಹೊತ್ತು ಕಣ್ಣೆದುರಿತ್ತು, ಪುಟವನ್ನು ಎಲ್ಲಿಯವರೆಗೆ ಸರಿಸಿದಿರಿ. ಟೈಪ್ ಮಾಡಿದ್ದು ದಾಖಲಾಗುವುದಿಲ್ಲ. ನೀವು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿಯೂ ಇದೇ ಇದೆ. ಕ್ಯಾಮೆರಾ ಬೇಕಿದ್ದರೆ ಬ್ರೌಸರ್ ಪ್ರತ್ಯೇಕ ಅನುಮತಿ ಕೇಳುತ್ತದೆ. ನಮಗೆ ಅದು ಬೇಕಾಗಿಯೇ ಇಲ್ಲ.

ಗಾಬರಿಗೆ ಕಾರಣವಿದೆ, ಒಪ್ಪುತ್ತೇನೆ. ಹಾಕಿಕೊಳ್ಳುವಾಗ ಕ್ರೋಮ್ ‘ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದಬಲ್ಲದು, ಬದಲಿಸಬಲ್ಲದು’ ಎಂದು ಎಚ್ಚರಿಸುತ್ತದೆ. ಪುಟ ಸರಿದದ್ದನ್ನು ಅಳೆಯಲೂ ಅದೇ ದೊಡ್ಡ ಅನುಮತಿ ಬೇಕು. ಅನುಮಾನವಿದ್ದರೆ ಈಗಲೇ ತೆಗೆದುಹಾಕಿ, ಯಾರೂ ಕಾರಣ ಕೇಳುವುದಿಲ್ಲ. ಆ ಸಂದೇಶವನ್ನು ಮಾತ್ರ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.