ಹದಿನೈದು ದಿನದ ಮಾತ್ರೆಗೆ ವಾಸಿಯಾಗುವ ಕಾಯಿಲೆ ಇದಲ್ಲ

ಯುದ್ಧ, ಗಲಭೆ, ಚಿತ್ರಹಿಂಸೆಯಿಂದ ತಪ್ಪಿಸಿಕೊಂಡು ಊರು ಬಿಟ್ಟು ಬಂದವರು ಕೋಲಾರದ ಕಡೆ ಆಸ್ಪತ್ರೆಗೆ ಬಂದರೆ ಮನಸ್ಸಿನ ವಿಷಯ ಎತ್ತುವುದೇ ಇಲ್ಲ. ಸೊಂಟ ನೋವು, ತಲೆ ಸಿಡಿತ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ ಅಂತಾರೆ. ಮಾಲೂರಿನ ಇಟ್ಟಿಗೆ ಗೂಡಲ್ಲಿ ದುಡಿಯೋರಿಗೆ ಸೊಂಟ ನೋಯದೆ ಇರುತ್ತಾ? ನೋವಿಗೊಂದು ಡೈಕ್ಲೋಫೆನಾಕ್, ನಿದ್ದೆಗೊಂದು ಆಲ್ಪ್ರಜೋಲಾಮ್, ಮುಂದಿನ ಪೇಷಂಟ್ ಬನ್ನಿ. ನನ್ನ ತಕರಾರು ಇರೋದು ಇಲ್ಲೇ. ಈ ನೋವು, ನಿದ್ದೆಗೇಡಿನ ಹಿಂದೆ ಪಿಟಿಎಸ್‌ಡಿ ಇರಬಹುದು, ಅಂದರೆ ಭೀಕರ ಘಟನೆ ಮುಗಿದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ.

ಆಲ್ಪ್ರಜೋಲಾಮ್‌ನಿಂದ ನಿದ್ದೆ ಬರುತ್ತೆ, ನಿಜ. ಕೆಲವೇ ವಾರದಲ್ಲಿ ಅದು ಅಭ್ಯಾಸವಾಗುತ್ತೆ, ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತೆ. ಪಿಟಿಎಸ್‌ಡಿಗೆ ಅದು ಔಷಧವೇ ಅಲ್ಲ. ಕೊಡಬೇಕಾದ್ದು ಖಿನ್ನತೆಗೂ ಕೊಡುವ ಸರ್ಟ್ರಾಲಿನ್ ಥರದ ಮಾತ್ರೆ. ಸರ್ಟ್ರಾಲಿನ್ ಆದರೆ ಮೊದಲ ವಾರ ದಿನಕ್ಕೆ 25 ಮಿಲಿಗ್ರಾಂ, ತಿಂಡಿ ಆದ ಮೇಲೆ, ಆಮೇಲೆ 50. ನಾಲ್ಕು ವಾರ ನೋಡಿ, ಸಾಲದಿದ್ದರೆ ನಿಧಾನವಾಗಿ 100, 150, ಗರಿಷ್ಠ 200. ಪೂರ್ತಿ ಗುಣ ಕಾಣೋಕೆ ಎಂಟರಿಂದ ಹನ್ನೆರಡು ವಾರ ಬೇಕು. ರಂಜಾನ್ ಉಪವಾಸ ಇರೋರು ಇಫ್ತಾರ್ ಆದ ಮೇಲೆ ನುಂಗಿದರಾಯಿತು, ಅದಕ್ಕೋಸ್ಕರ ತಿಂಗಳು ನಿಲ್ಲಿಸಬೇಕಿಲ್ಲ.

ಕೆಡೋದು ಮೊದಲ ವಾರದಲ್ಲೇ. ಹೊಟ್ಟೆ ತೊಳಸುತ್ತೆ, ಭೇದಿ ಆಗುತ್ತೆ, ಗಾಬರಿ ಇನ್ನೂ ಜಾಸ್ತಿ ಅನ್ನಿಸುತ್ತೆ. ಇದು ಬರುತ್ತೆ, ಒಂದೆರಡು ವಾರದಲ್ಲಿ ಇಳಿಯುತ್ತೆ ಅಂತ ಮೊದಲೇ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಮಾತ್ರೆಯ ಸ್ಟ್ರಿಪ್ ಮೂಲೆ ಸೇರುತ್ತೆ. ಇಪ್ಪತ್ತೈದು ದಾಟದ ಹುಡುಗ ಹುಡುಗಿಯರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು, ವಾರವಾರ ವಿಚಾರಿಸಲೇಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯಲ್ಲೇ ಬರೆದುಕೊಡಿ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡದೆ ದಿನಗಟ್ಟಲೆ ಅತಿ ಉತ್ಸಾಹದಲ್ಲಿ ಓಡಾಡಿದ್ದುಂಟಾ ಅಂತಲೂ ಕೇಳಿ. ಇದ್ದರೆ ಈ ಮಾತ್ರೆ ಮೇನಿಯಾ ಎಬ್ಬಿಸಬಹುದು. ಇನ್ನು ಅಂಗಡಿಯ ನೋವಿನ ಮಾತ್ರೆ. ಡೈಕ್ಲೋಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಏರುತ್ತೆ, ಟ್ರಮಡಾಲ್ ಅಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಸಾಕು.

ಮಾತ್ರೆಯೊಂದರಿಂದಲೇ ಎಲ್ಲ ಸರಿಹೋಗುತ್ತೆ ಅಂತಲೂ ನಂಬಬೇಡಿ. ಕೋಪನ್‌ಹೇಗನ್‌ನಲ್ಲಿ 280 ನಿರಾಶ್ರಿತರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮಾತ್ರೆ, ಸಿಬಿಟಿ ಮಾತುಚಿಕಿತ್ಸೆ, ಎರಡೂ, ಅಥವಾ ಸುಮ್ಮನೆ ಕಾಯುವುದು ಅಂತ ನಾಲ್ಕು ಗುಂಪು. ಪಿಟಿಎಸ್‌ಡಿ ಲಕ್ಷಣಗಳ ಮೇಲೆ ಯಾವುದರಿಂದಲೂ ಪರಿಣಾಮ ಕಾಣಲಿಲ್ಲ. ಮಾತ್ರೆಯಿಂದ ಖಿನ್ನತೆ ಸ್ವಲ್ಪ ಇಳಿಯಿತು, ಅಷ್ಟೇ. ಇದನ್ನು ಹಿಡಿದು ಚಿಕಿತ್ಸೆಯೇ ದಂಡ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ವರ್ಷಗಟ್ಟಲೆ ಬಲಿತ ಕಾಯಿಲೆ, ಜೊತೆಗೆ ನಾಳೆ ಎಲ್ಲಿರುತ್ತೀವೋ ಅನ್ನೋ ಭಯ. ನಮ್ಮ ದೇಶವಂತೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಕೈಯಲ್ಲಿ ವಿಶ್ವಸಂಸ್ಥೆಯ ಕಾರ್ಡ್ ಇದ್ದರೂ ಬಾಡಿಗೆ ಮನೆ, ಮಕ್ಕಳ ಶಾಲೆ, ಪೊಲೀಸ್ ವಿಚಾರಣೆ ಎಲ್ಲದರಲ್ಲೂ ತಾಪತ್ರಯ. ಅದಕ್ಕೇ ಫೈಲಿನಲ್ಲಿ ಡೋಸ್ ಪಕ್ಕ ಮನೆ, ಕೂಲಿ, ಕಾಗದಪತ್ರದ ಸ್ಥಿತಿಯೂ ಇರಬೇಕು.

ಮಾತುಚಿಕಿತ್ಸೆಯಲ್ಲಿ ನನಗೆ ಹಿಡಿಸಿದ್ದು ನೆಟ್ (ನರೇಟಿವ್ ಎಕ್ಸ್‌ಪೋಷರ್ ಥೆರಪಿ) ಅನ್ನುವ, ಬದುಕಿನ ಕಥೆ ಹೇಳಿಸುವ ವಿಧಾನ. ನೆಲದ ಮೇಲೆ ಹಗ್ಗ ಹಾಸಿ ಅದನ್ನೇ ಹುಟ್ಟಿನಿಂದ ಇಂದಿನವರೆಗಿನ ಬದುಕು ಅಂದುಕೊಳ್ಳೋದು. ಒಳ್ಳೇದು ನಡೆದ ಕಡೆ ಹೂವು, ಕೆಟ್ಟದ್ದು ನಡೆದ ಕಡೆ ಕಲ್ಲು. ಮುಂದಿನ ಭೇಟಿಗಳಲ್ಲಿ ಒಂದೊಂದು ಕಲ್ಲಿನ ಕಥೆ ನಿಧಾನವಾಗಿ ಹೇಳಿಸಿ, ಬರೆದುಕೊಂಡು, ಮತ್ತೆ ಓದಿ ಹೇಳೋದು. ಒಂದು ಭೇಟಿಗೆ ಸುಮಾರು 90 ನಿಮಿಷ ಬೇಕು. ಕಥೆ ಭಯದ ತುದಿಯಲ್ಲಿರುವಾಗ ಟೈಮ್ ಆಯ್ತು ಅಂತ ಎದ್ದರೆ ಮುಗೀತು, ಆ ಮನುಷ್ಯ ಮತ್ತೆ ಬರಲ್ಲ. ಎದೆಬಡಿತ ಇಳಿದ ಮೇಲೇ ಕಳಿಸಬೇಕು.

ದುಭಾಷಿಯಾಗಿ ಮಗಳನ್ನೋ ಪಕ್ಕದ ಮನೆಯವನನ್ನೋ ಕೂರಿಸಬೇಡಿ, ಅತ್ಯಾಚಾರದ ವಿಷಯ ಅವರೆದುರು ಬಾಯಿಗೆ ಬರಲ್ಲ. ಮೊದಲಿಂದ ಕೊನೇವರೆಗೂ ಒಬ್ಬರೇ ದುಭಾಷಿ ಇರಲಿ. ಪೇಷಂಟ್‌ಗೆ ಬಾಗಿಲು ಕಾಣೋ ಹಾಗೆ ಕುರ್ಚಿ ಹಾಕಿ.

ಗುಣ ಕಂಡ ಮೇಲೂ ಕಡಿಮೆ ಅಂದರೆ ಒಂದು ವರ್ಷ ಅದೇ ಡೋಸ್. ಇಳಿಸೋದೂ ಒಮ್ಮೆಗೇ ಅಲ್ಲ: ಎರಡು ಮೂರು ವಾರಕ್ಕೊಂದು ಮೆಟ್ಟಿಲು. ತಲೆಸುತ್ತು, ಕರೆಂಟ್ ಹೊಡೆದ ಹಾಗಾಗೋದು ಬಂದರೆ ಹಿಂದಿನ ಡೋಸಿಗೇ ಹೋಗಿ, ಇನ್ನೂ ನಿಧಾನ ಇಳಿಸಿ. ಮಾತ್ರೆ ಸ್ಟಾಕ್ ಇಲ್ಲದೆ ವಾರ ತಪ್ಪಿದರೂ ಇದೇ ಪಾಡು. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಹೆಸರು ಬರೆದರೆ, ಕೂಲಿ ಹುಡುಕಿ ಇನ್ನೊಂದು ಊರಿಗೆ ಹೋದಾಗಲೂ ಅವರಿಗೆ ಅದೇ ಮಾತ್ರೆ ಸಿಗುತ್ತೆ.