ಮಂಗನ ಕಾಯಿಲೆ ರೋಗಿಯ ಮನೆಯಿಂದ ಹರಡುವುದಿಲ್ಲ: ಸ್ಪಷ್ಟನೆ

‘ಮಂಗನ ಕಾಯಿಲೆ ಬಂದವರ ಮನೆಗೆ ಹೋಗಬೇಡಿ, ಅವರನ್ನು ಅಡಿಕೆ ಕೊಯ್ಲಿಗೆ ಕರೆಯಬೇಡಿ’ ಎಂಬ ಸಂದೇಶ ಸಾಗರ, ತೀರ್ಥಹಳ್ಳಿ ಕಡೆ ಓಡಾಡುತ್ತಿದೆ. ಇದು ತಪ್ಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಸೋಂಕಿರುವ ಉಣುಗು ಕಚ್ಚಿದರೆ ಬರುತ್ತದೆ.

ಮಂಗವನ್ನು ಓಡಿಸಿದರೂ ಪ್ರಯೋಜನವಿಲ್ಲ. ಅದೂ ಇದೇ ರೋಗಕ್ಕೆ ಸಾಯುವ ಪ್ರಾಣಿ. ಸತ್ತ ಮೇಲೆ ಮೈಮೇಲಿನ ಉಣುಗುಗಳು ಸುತ್ತಲಿನ ತರಗೆಲೆಗೆ ಉದುರುತ್ತವೆ, ಅಪಾಯ ಅಲ್ಲಿರುವುದು. ಹೆಣ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಡಿಸೆಂಬರ್‌ನಿಂದ ಮೇವರೆಗೆ ಸೊಪ್ಪು, ಸೌದೆ, ತರಗೆಲೆಗೆ ಹೋಗುವವರು ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಲಿ. ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕಾಡಿಗೆ ಹೊರಡುವ ಮುಂಚೆಯೇ ಹಚ್ಚಬೇಕು. ಹಲವರು ಕೈಗೆ ಮಾತ್ರ ಸವರಿ ಕಾಲು ಬಿಡುತ್ತಾರೆ, ಉಣುಗು ಹತ್ತುವುದು ಕಾಲಿನಿಂದಲೇ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪಿನ ಸ್ನಾನ. ಕಚ್ಚಿಕೊಂಡ ಉಣುಗನ್ನು ಉಗುರಿನಲ್ಲಿ ಹಿಸುಕದೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ.

ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಶುರುವಾದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಬೇಡ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಮರುಕಳಿಸುವುದೂ ಉಂಟು.

ದನಿಯೆತ್ತಬೇಕಾದದ್ದು ಕೂಲಿಯವರನ್ನು ದೂರವಿಡಲು ಅಲ್ಲ. ಮಲಗಿದಷ್ಟು ದಿನ ಅವರಿಗೆ ದುಡಿಮೆಯಿಲ್ಲ. ಎಣ್ಣೆ ಹಂಚಲು ಗುಡ್ಡ ಹತ್ತುವ ಆಶಾ ಕಾರ್ಯಕರ್ತೆಗೆ ಕೈತುಂಬ ಸಂಬಳವೂ ಇಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ: ಡೆಪಾ ಎಣ್ಣೆ ನವೆಂಬರ್‌ನಲ್ಲೇ ಬರುತ್ತದೆಯೇ?